ಮರಾಠಿ ಊರಿನ ಸಮಾಜಶಾಸ್ತ್ರ ಪರಿಷತ್ತಿಗೆ ಕನ್ನಡದ ಮೇಡಂ ಸೇರಬೇಕಾ?

ಪ್ರಶ್ನೆ: ನಾನು ಕಲಬುರಗಿ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿನ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್.ಡಿ. ನಡೆದಿದೆ, ವಿಷಯ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು. ನಮ್ಮ ವಿಭಾಗದ ಹಿರಿಯರೊಬ್ಬರು ಈ ಭಾಗದ ಸಮಾಜಶಾಸ್ತ್ರಜ್ಞರ ಪರಿಷತ್ತಿಗೆ ಆಜೀವ ಸದಸ್ಯೆ ಆಗಿ ಎಂದು ಒತ್ತಾಯ ಮಾಡುತ್ತಿದ್ದಾರೆ. ಅಲ್ಲಿ ಎಲ್ಲವೂ ಮರಾಠಿಯಲ್ಲೇ ನಡೆಯುತ್ತದಂತೆ. ದುಡ್ಡು ಕೊಟ್ಟರೆ ನನಗೆ ಏನು ಸಿಗುತ್ತದೆ? ಅದರ ಬದಲು ಮುಂಬೈ, ಪುಣೆ, ಗೋವಾದಲ್ಲಿರುವ ನಾವು ಕನ್ನಡದವರೇ ಸೇರಿ ಒಂದು ಸಂಘ ಕಟ್ಟಬಾರದಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪರಿಷತ್ತಿಗೆ ಹೋಗಿ, ಆದರೆ ಆಜೀವ ಸದಸ್ಯತ್ವಕ್ಕೆ ಈಗಲೇ ದುಡ್ಡು ಕಟ್ಟಬೇಡಿ. ಒಂದು ಪ್ರಬಂಧ ಹಿಡಿದುಕೊಂಡು ಈ ಸಲದ ಅಧಿವೇಶನಕ್ಕೆ ಹೋಗಿ ಬನ್ನಿ. ನಿಮ್ಮ ಕೆಲಸದ ಬಗ್ಗೆ ಸರಿಯಾಗಿ ಪ್ರಶ್ನೆ ಕೇಳುವವರು ಇಬ್ಬರು ಸಿಕ್ಕರೂ ಸಾಕು, ಮುಂದಿನ ವರ್ಷ ಸೇರಿ. ಕನ್ನಡದವರ ಬೇರೆ ಸಂಘ ಮಾತ್ರ ಸದ್ಯಕ್ಕೆ ಬೇಡ. ಇದನ್ನು ಹೇಳೋಕೆ ನನಗೂ ಕಷ್ಟವೇ, ಯಾಕೆಂದರೆ ಇಪ್ಪತ್ತು ವರ್ಷದ ಹಿಂದೆ ನಾನೂ ಇದೇ ಆಸೆ ಇಟ್ಟುಕೊಂಡು ಲೆಟರ್‌ಹೆಡ್ ಅಚ್ಚು ಹಾಕಿಸುವ ತನಕ ಹೋಗಿದ್ದೆ. ಆ ಕಥೆ ಕೊನೆಯ ಕಡೆ ಹೇಳುತ್ತೇನೆ.

ಮುಂಬೈ ಕನ್ನಡಿಗರಿಗೆ ಸಂಘ ಅಂದರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾಗಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಬಂಟರದ್ದು, ಬಿಲ್ಲವರದ್ದು ಎಂದು ಎಣಿಸುತ್ತಾ ಹೋದರೆ ಈ ಉತ್ತರ ಇಲ್ಲೇ ಮುಗಿದುಹೋಗುತ್ತದೆ. ಊರಿಂದ ಬಂದ ಹುಡುಗನಿಗೆ ರಾತ್ರಿ ಶಾಲೆ, ಮಕ್ಕಳಿಗೆ ವಿದ್ಯಾರ್ಥಿವೇತನ, ಮದುವೆಗೆ ಹಾಲ್, ಇವೆಲ್ಲ ಅವು ಮಾಡಿಕೊಟ್ಟಿವೆ. ಎಷ್ಟರಮಟ್ಟಿಗೆ ಅಂದರೆ ಇಲ್ಲಿ 'ನಮ್ಮ ಸಮಾಜ' ಅಂದರೆ ನಮ್ಮ ಜಾತಿ ಅಂತಲೇ ಅರ್ಥ. ಮರಾಠಿಯವರ 'ಆಮ್ಚಾ ಸಮಾಜ್' ಕೂಡ ಅದೇ. ನಾನು ಡೊಂಬಿವಲಿಗೆ ಬಂದ ಹೊಸತರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ ಎಂದಾಗ ಪಕ್ಕದ ಮನೆಯ ಅಜ್ಜ ಬಹಳ ಆಸಕ್ತಿಯಿಂದ "ಯಾವ ಸಮಾಜದ್ದು?" ಎಂದು ಕೇಳಿದ್ದರು. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಅನ್ನಿಸುತ್ತದೆ, ನಮ್ಮ ವಿಷಯದ ಬಗ್ಗೆ ಅದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ಇಲ್ಲ.

ಈ ಅಭ್ಯಾಸದಿಂದಲೇ ನಾವು ವೃತ್ತಿಯವರ ಸಂಘಕ್ಕೂ ಹೋಗಿ 'ಏನು ಸಿಗುತ್ತೆ' ಅಂತ ಕೇಳುವುದು. ನೀವು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಇಂಥ ಪರಿಷತ್ತಿನ ಕೈಯಲ್ಲಿ ಕೊಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ವಕೀಲರನ್ನೇ ನೋಡಿ, 1961ರ ಕಾಯ್ದೆ ಪ್ರಕಾರ ಬಾರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದೆ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಹಾಗಿಲ್ಲ. ಡಾಕ್ಟರಿಗೂ ನೋಂದಣಿ ಬೇಕು. ಸಮಾಜಶಾಸ್ತ್ರಜ್ಞರಿಗೆ ಲೈಸೆನ್ಸೇ ಇಲ್ಲ. ಯಾರು ಬೇಕಾದರೂ ಟಿವಿಯಲ್ಲಿ ಕೂತು ಸಮಾಜದ ಬಗ್ಗೆ ಮಾತಾಡಬಹುದು, ಮಾತಾಡುತ್ತಿದ್ದಾರೆ ಕೂಡ. ಹಾಗಾಗಿ ಪರಿಷತ್ತು ನಿಮಗೆ ಕೆಲಸ ಕೊಡಿಸುವುದಿಲ್ಲ, ನಿಮ್ಮ ಕೆಲಸ ಕಿತ್ತುಕೊಳ್ಳುವುದೂ ಇಲ್ಲ. ವರ್ಷಕ್ಕೊಂದು ಅಧಿವೇಶನ, ಒಂದು ನಿಯತಕಾಲಿಕೆ, ಆಗಾಗ ಪಠ್ಯಕ್ರಮದ ಬಗ್ಗೆ ಒಂದು ಮನವಿಪತ್ರ. ಹೊರಗಿನಿಂದ ನೋಡಿದರೆ ಇಷ್ಟೇ.

ಹಾಗಾದರೆ ಜನ ಇವನ್ನು ಯಾಕೆ ಕಟ್ಟಿದರು? ಸ್ವಲ್ಪ ಹಿಂದೆ ಹೋಗೋಣ, ಇದು ನಮ್ಮ ಮುಂಬೈನದ್ದೇ ಕಥೆ. ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾಗಿದ್ದು 1919ರಲ್ಲಿ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಕೈಯಲ್ಲಿ. 1924ರಲ್ಲಿ ಅದು ಜಿ.ಎಸ್. ಘುರ್ಯೆ ಅವರ ಕೈಗೆ ಬಂತು. ಘುರ್ಯೆ ಹುಟ್ಟಿದ್ದು ಗೋವಾದಿಂದ ಸ್ವಲ್ಪವೇ ದೂರದ ಮಾಲ್ವಣದಲ್ಲಿ, ಓದಿದ್ದು ಕೇಂಬ್ರಿಡ್ಜಿನಲ್ಲಿ. ಅವರು 1951ರ ಡಿಸೆಂಬರಿನಲ್ಲಿ ಇಂಡಿಯನ್ ಸೋಶಿಯಲಾಜಿಕಲ್ ಸೊಸೈಟಿ ಕಟ್ಟಿದರು. ಮರುವರ್ಷವೇ ಅದರ ಪತ್ರಿಕೆ ಸೋಶಿಯಲಾಜಿಕಲ್ ಬುಲೆಟಿನ್ ಹೊರಬಂತು. ಆಗ ದೇಶದಲ್ಲಿ ಸಮಾಜಶಾಸ್ತ್ರ ಕಲಿಸುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟೇ ಇದ್ದವು. 1967ರಲ್ಲಿ ಸೊಸೈಟಿಯ ಕಚೇರಿ ದಿಲ್ಲಿಗೆ ಹೋಯಿತು. ಅಂದರೆ ಈವತ್ತು ನಾವು 'ರಾಷ್ಟ್ರೀಯ' ಎಂದು ಕರೆಯುವ ಸೊಸೈಟಿ ಮೊದಲ ಹದಿನೈದು ವರ್ಷ ಮುಂಬೈನ ಒಂದು ವಿಭಾಗದ ಮನೆಮಗುವಿನ ಹಾಗೆ ಬೆಳೆದದ್ದು.

ಇದರಲ್ಲಿ ನಿಮಗೆ ಬೇಕಾದ ಸಂಗತಿ ಬೇರೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಾಠ ಶುರು ಮಾಡಿಸಿದವರು ಎ.ಆರ್. ವಾಡಿಯಾ, ಪಾರ್ಸಿಗಳು. ಅಲ್ಲಿ ಓದಿದ, ಮುಂದೆ ಹೆಸರಾಂತ ಸಮಾಜಶಾಸ್ತ್ರಜ್ಞರಾದ ಎಂ.ಎನ್. ಶ್ರೀನಿವಾಸ್ ಮುಂಬೈಗೆ ಬಂದು ಘುರ್ಯೆ ಹತ್ತಿರ ಸೇರಿದರು. ಅವರು ಆಗ ಬರೆದದ್ದು ಏನು ಗೊತ್ತಾ? ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬದ ಬಗ್ಗೆ. 1942ರಲ್ಲಿ ಅದು ಮುಂಬೈನಲ್ಲೇ ಪುಸ್ತಕವಾಯಿತು. ಮೈಸೂರಿನ ಹುಡುಗ, ಕೊಂಕಣದ ಮೇಷ್ಟ್ರು, ಮುಂಬೈ ಊರು, ಕನ್ನಡದ ಮನೆಗಳು. ನೀವು ಮಾಡುತ್ತಿರುವುದು ಹೆಚ್ಚು ಕಡಿಮೆ ಅದೇ ಕೆಲಸ, ಎಂಬತ್ತು ವರ್ಷ ತಡವಾಗಿ, ಪುಣೆಯಲ್ಲಿ. ಮರಾಠಿಯವರ ನಡುವೆ ಕನ್ನಡದ ಕುಟುಂಬಗಳ ಬಗ್ಗೆ ಮಾತಾಡಿದರೆ ಯಾರು ಕೇಳುತ್ತಾರೆ ಅಂತ ನಿಮಗೆ ಅನುಮಾನ ಇದ್ದರೆ ಇದೊಂದನ್ನು ನೆನಪಿಟ್ಟುಕೊಳ್ಳಿ.

ಇನ್ನು 'ಪ್ರಾದೇಶಿಕ' ಅನ್ನುವ ಪದ. ಇದು ಸ್ವಲ್ಪ ಮೋಸದ ಪದ. ಹೆಸರುಗಳನ್ನೇ ನೋಡಿ: ಕೇರಳ ಸೋಶಿಯಲಾಜಿಕಲ್ ಸೊಸೈಟಿ, ರಾಜಸ್ಥಾನ ಸೋಶಿಯಲಾಜಿಕಲ್ ಅಸೋಸಿಯೇಷನ್ ಇವು ರಾಜ್ಯದ ಹೆಸರಿನವು. ಈಶಾನ್ಯ ಭಾರತದ್ದು ಹಲವು ರಾಜ್ಯ ಸೇರಿಸಿಕೊಂಡದ್ದು. ಇಲ್ಲಿನದ್ದು 'ಮರಾಠಿ ಸಮಾಜಶಾಸ್ತ್ರ ಪರಿಷದ್', ರಾಜ್ಯದ ಹೆಸರಲ್ಲ, ಭಾಷೆಯ ಹೆಸರು. ಮರಾಠಿ ಬಂದವರಿಗೆ, ಮರಾಠಿಯಲ್ಲಿ ಸಮಾಜಶಾಸ್ತ್ರ ಮಾಡುವವರಿಗೆ ಅಂತ. ಹೆಸರು ನೋಡಿ ಹೊರಗಿನವಳು ಅಂದುಕೊಳ್ಳಬೇಡಿ. ಒಂಬತ್ತು ವರ್ಷ ಪುಣೆಯ ಮಕ್ಕಳಿಗೆ ಪಾಠ ಮಾಡಿದವರು, ರಿಕ್ಷಾದವನ ಜೊತೆ ಜಗಳ ಮಾಡುವಷ್ಟು ಮರಾಠಿಯಂತೂ ಬಂದೇ ಬಂದಿರುತ್ತದೆ.

ಗಡಿಗಳಂತೂ ನಮ್ಮ ಕಣ್ಣೆದುರೇ ಬದಲಾದವು. ಧಾರವಾಡದ ಕರ್ನಾಟಕ ಕಾಲೇಜು ಬಹಳ ಕಾಲ ಮುಂಬೈ ವಿಶ್ವವಿದ್ಯಾಲಯದ ಕೆಳಗೇ ಇತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದೂ ಮುಂಬೈನಲ್ಲೇ, ಧಾರವಾಡಕ್ಕೆ ಹೋದದ್ದು ಮರುವರ್ಷ. ಪುಣೆ ವಿಶ್ವವಿದ್ಯಾಲಯ ಕೂಡ ಅದೇ 1949ರದ್ದು. 1956ರಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋದವು. ನಕಾಶೆ ಬದಲಾಯಿತು, ಜನ ಓಡಾಡುವುದು ನಿಲ್ಲಲಿಲ್ಲ. ನಿಮ್ಮ ಕುಟುಂಬಗಳು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಕಲಬುರಗಿಯಿಂದ ಸೊಲ್ಲಾಪುರ ದಾಟಿ ಪುಣೆಯಲ್ಲಿ ಇಳಿಯುತ್ತವೆ. ಅವರ ಪ್ರದೇಶ ಅದು. ನನ್ನ ಲೆಕ್ಕದಲ್ಲಿ ಪ್ರಾದೇಶಿಕ ಸಂಘದ ಅಳತೆಯೂ ಹಾಗೇ: ಶನಿವಾರ ರಜೆ ಹಾಕದೆ, ವಿಮಾನದ ಟಿಕೆಟ್ ತೆಗೆಯದೆ, ಸ್ಲೀಪರಿನಲ್ಲಿ ಹೋಗಿ ಸೋಮವಾರ ಬೆಳಿಗ್ಗೆ ಮೊದಲ ತಾಸಿಗೆ ವಾಪಸ್ ಬರೋಕೆ ಆಗಬೇಕು. ತಾಸಿಗಿಷ್ಟು ಅಂತ ಸಂಬಳ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಸಣ್ಣದಲ್ಲ ಅಲ್ವಾ.

ಅಮೆರಿಕದಲ್ಲೂ ಪ್ರಾದೇಶಿಕ ಸಂಘಗಳು ಹುಟ್ಟಿದ್ದಕ್ಕೆ ದೂರ ಒಂದು ದೊಡ್ಡ ಕಾರಣ. ಅವರ ರಾಷ್ಟ್ರೀಯ ಸಂಘ 1905ರದ್ದು. ಪಶ್ಚಿಮ ಕರಾವಳಿಯವರು 1929ರಲ್ಲಿ, ದಕ್ಷಿಣದವರು 1935ರಲ್ಲಿ, ಮಧ್ಯಪಶ್ಚಿಮದವರು 1936ರಲ್ಲಿ ತಮ್ಮ ತಮ್ಮದು ಮಾಡಿಕೊಂಡರು. ಎಲ್ಲವನ್ನೂ ಷಿಕಾಗೋ ವಿಶ್ವವಿದ್ಯಾಲಯದವರೇ ನಡೆಸುತ್ತಾರೆ ಎಂಬ ಸಿಟ್ಟೂ ಆ ಕಾಲದಲ್ಲಿ ಜೋರಾಗಿತ್ತು. ಇಲ್ಲಿ ದಿಲ್ಲಿಯ ಬಗ್ಗೆ ಗೊಣಗುವ ಹಾಗೆ ಅಂದುಕೊಳ್ಳಿ. ಅದರಲ್ಲಿ ನನಗೆ ಇಷ್ಟವಾದ ಒಂದು ವಿಷಯ: ಕರಿಯರಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಸೀಟು ಇದ್ದ ಆ ದಕ್ಷಿಣದಲ್ಲೇ, 1940ರ ದಶಕದಲ್ಲೇ, ಅಲ್ಲಿನ ಸಂಘ ಚಾರ್ಲ್ಸ್ ಎಸ್. ಜಾನ್ಸನ್ ಎಂಬ ಕರಿಯ ಸಮಾಜಶಾಸ್ತ್ರಜ್ಞನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಊರು ಮಾಡದ್ದನ್ನು ಒಂದು ಸಣ್ಣ ಸಂಘ ಮಾಡಬಹುದು. ನಮ್ಮ ಸಂಘಗಳ ಅಧ್ಯಕ್ಷರ ಪಟ್ಟಿ ನೋಡುವಾಗ ಹೆಂಗಸರು ಎಷ್ಟು, ದಲಿತರು ಎಷ್ಟು ಅಂತ ನಾನು ಎಣಿಸುವುದು ಅದಕ್ಕೇ. ನೀವೂ ಎಣಿಸಿ.

ಈಗ 'ಏನು ಸಿಗುತ್ತೆ' ಎಂಬುದಕ್ಕೆ ಬರುತ್ತೇನೆ. ಸಿಗುವುದು ಪ್ರಶ್ನೆ.

ನನ್ನ ಮೊದಲ ಪ್ರಬಂಧ ಓದಿದ್ದು ಮರಾಠವಾಡದ ಒಂದು ತಾಲೂಕು ಊರಿನ ಕಾಲೇಜಿನಲ್ಲಿ, ಊಟವಾದ ಮೇಲಿನ ಹೊತ್ತಿನಲ್ಲಿ. ಕೋಣೆಯಲ್ಲಿ ಇದ್ದದ್ದು ಆರು ಜನ. ಅದರಲ್ಲಿ ಇಬ್ಬರು ನನ್ನ ನಂತರ ಓದಬೇಕಾದವರು, ಒಬ್ಬ ಫ್ಯಾನ್ ರಿಪೇರಿಗೆ ಬಂದವನು. ಎಂಟು ನಿಮಿಷಕ್ಕೆ ಗಂಟೆ ಬಾರಿಸಿದರು. ಮುಖ ಸಣ್ಣದಾಗಿ ಕೆಳಗಿಳಿದೆ. ಒಬ್ಬ ವಯಸ್ಸಾದ ಮೇಷ್ಟ್ರು ಚಹದ ಹತ್ತಿರ ಹಿಡಿದು ನಿಲ್ಲಿಸಿ, ಮುಂಬೈ ಹೋಟೆಲ್ ಹುಡುಗರು ಊರಿಗೆ ದುಡ್ಡು ಕಳಿಸುತ್ತಾರೆ ಎಂದಿರಲ್ಲ, ಯಾರ ಹೆಸರಿಗೆ ಕಳಿಸುತ್ತಾರೆ, ಅಪ್ಪನಿಗೋ ಹೆಂಡತಿಗೋ ಅಂತ ಕೇಳಿದರು. ನಾನು ಅದನ್ನು ಕೇಳಿಯೇ ಇರಲಿಲ್ಲ! ನೂರಾರು ಮನಿಯಾರ್ಡರ್ ಚೀಟಿ ನೋಡಿದ್ದೆ, ಹೆಸರಿನ ಕಡೆ ಗಮನ ಕೊಟ್ಟಿರಲಿಲ್ಲ. ವಾಪಸ್ ಬಂದು ಇಡೀ ಒಂದು ಅಧ್ಯಾಯ ಮತ್ತೆ ಬರೆದೆ. ನನ್ನ ಮಾರ್ಗದರ್ಶಕರು ಮೂರು ವರ್ಷದಲ್ಲಿ ಕೇಳದೇ ಇದ್ದದ್ದನ್ನು ಅವರು ಚಹ ಆರುವುದರೊಳಗೆ ಕೇಳಿದ್ದರು.

ನಿಮ್ಮ ವಿಷಯಕ್ಕೆ ಇದು ಇನ್ನೂ ಜಾಸ್ತಿ ಹೊಂದುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ, ಅವರೂ ಘುರ್ಯೆ ಶಿಷ್ಯೆಯೇ, ಭಾರತದ ಬಂಧುತ್ವವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯವಾಗಿ ನೋಡಿದರು. ಮಹಾರಾಷ್ಟ್ರ ಮಧ್ಯ ವಲಯಕ್ಕೆ, ಕರ್ನಾಟಕ ದಕ್ಷಿಣಕ್ಕೆ. ಇಲ್ಲಿನ ಎಷ್ಟೋ ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರತ್ತೆ ಮಗಳನ್ನು ತರುವುದಿಲ್ಲ. ನಮ್ಮ ಕಡೆ ಎರಡೂ ನಡೆಯುತ್ತದೆ, ಅದರ ಮೇಲೆ ಅಕ್ಕನ ಮಗಳು ಬೇರೆ. ನಮಗೆ ಇದು ಎಷ್ಟು ಮಾಮೂಲಿ ಅಂದರೆ ನಾವು ಅದನ್ನು ಬರೆಯುವುದೇ ಇಲ್ಲ. ನಿಮ್ಮ ಪ್ರಬಂಧದಲ್ಲೂ 'ಮೇಸ್ತ್ರಿ ತನ್ನ ಸಂಬಂಧಿಕರನ್ನೇ ಕರೆತರುತ್ತಾನೆ' ಅಂತ ಒಂದು ಸಾಲು ಇರುತ್ತದೆ, ಅಷ್ಟಕ್ಕೇ ಬಿಟ್ಟಿರುತ್ತೀರಿ. ಕನ್ನಡದವರ ಎದುರು ಓದಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಮುಂದಿನ ಪುಟಕ್ಕೆ ಹೋಗುತ್ತೀರಿ. ಮರಾಠಿ ಮೇಷ್ಟ್ರು ಅಲ್ಲೇ ತಡೆಯುತ್ತಾರೆ. ಅಕ್ಕನ ಮಗಳನ್ನೇ ಮದುವೆಯಾದರೆ ಅತ್ತೆ ಅಂದರೆ ಸ್ವಂತ ಅಕ್ಕ ಆದಳಲ್ಲ, ಹಾಗಾದರೆ ಆ ಮನೆಯಲ್ಲಿ ಹುಡುಗಿಯ ಕೂಲಿ ಯಾರ ಕೈಗೆ ಹೋಗುತ್ತದೆ? ಮುಕಾದಮನೇ, ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿಯೇ ಗಂಡ, ಅವನೇ ಸೋದರಮಾವ ಆದರೆ ಅವನು ಮೊದಲೇ ಕೊಟ್ಟ ಉಚಲ್, ಅಂದರೆ ಮುಂಗಡ, ಸಾಲವೋ, ಮನೆಯ ದುಡ್ಡೋ? ಕೂಲಿಯವರು ಕೆಲಸಕ್ಕಾಗಿ ಬಂದು ನಿಲ್ಲುವ ಮಜೂರ್ ಅಡ್ಡಾದಲ್ಲಿ ಬೇರೆ ಗುತ್ತಿಗೆದಾರ ಜಾಸ್ತಿ ಕೂಲಿ ಕರೆದರೆ ಅವಳು ಹೋಗಬಹುದಾ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಅದೇ ನಿಮ್ಮ ಪಿಎಚ್.ಡಿ. ನಮಗೆ ಮಾಮೂಲಿ ಅನ್ನಿಸಿದ್ದು ಯಾರಿಗೆ ವಿಚಿತ್ರ ಅನ್ನಿಸುತ್ತದೋ ಅಂಥವರ ಮುಂದೆ ಓದಬೇಕು. ಹಾಗಂತ ತೀರಾ ದೂರದವರಾದರೆ ಅವರಿಗೆ ಮುಕಾದಮ ಅಂದರೆ ಯಾರು ಅಂತ ವಿವರಿಸುವುದರಲ್ಲೇ ನಿಮ್ಮ ಹತ್ತು ನಿಮಿಷ ಮುಗಿದಿರುತ್ತದೆ. ಪಕ್ಕದ ಭಾಷೆಯವರು ಸರಿಯಾದ ದೂರದಲ್ಲಿ ಇರುತ್ತಾರೆ.

ಇನ್ನು ಪಾಯಿಂಟ್ ವಿಷಯ, ಅಂದರೆ ನೇಮಕ, ಬಡ್ತಿಯ ಲೆಕ್ಕಕ್ಕೆ ಬರುವ ಅಂಕ. ನಿಮ್ಮ ಹಿರಿಯರು ಬಹುಶಃ ಇದನ್ನೇ ಮೊದಲು ಹೇಳಿರುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮದಲ್ಲಿ ಪ್ರಬಂಧ ಮಂಡನೆಗೆ ಅಂಕ ಇದೆ: ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯಕ್ಕೆ 7, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಕ್ಕೆ 2. ಈ ಪಟ್ಟಿ ಬಂದ ಮೇಲೆ ಬ್ಯಾನರುಗಳ ಬಣ್ಣವೇ ಬದಲಾಯಿತು. ತಾಲೂಕು ಊರಿನ ಸೆಮಿನಾರೂ ಅಂತರರಾಷ್ಟ್ರೀಯ. ನೇಪಾಳದಿಂದ ಒಬ್ಬರು ಆನ್‌ಲೈನಿನಲ್ಲಿ ಐದು ನಿಮಿಷ ಶುಭ ಕೋರಿದರೆ ಮುಗಿಯಿತು. ನಾನೇ ಒಮ್ಮೆ ದುಡ್ಡು ಕಟ್ಟಿ ಅಂಥ ಒಂದಕ್ಕೆ ಹೋಗಿದ್ದೆ. ಹೆಸರು ಬೇಡ. ನೋಂದಣಿ ಮೇಜಿನಲ್ಲೇ ಕಿಟ್ಟಿನ ಜೊತೆ 'ಪ್ರಬಂಧ ಮಂಡಿಸಿದ್ದಾರೆ' ಎಂಬ ಸರ್ಟಿಫಿಕೇಟ್ ಕೈಗೆ ಬಂತು, ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಊರು ನೋಡಲು ಹೋಗಿದ್ದರು. ನಿಮ್ಮ ಪರಿಷತ್ತಿನಲ್ಲಿ ಸಿಗುವುದು 2 ಅಂಕ ಇರಬಹುದು. ಅದಕ್ಕಾಗಿ ಸೇರಬೇಡಿ, ಸಿಕ್ಕರೆ ಬಿಡಲೂ ಬೇಡಿ.

ನಿಯತಕಾಲಿಕೆ ಬಗ್ಗೆ ಎರಡು ಮಾತು. ಯುಜಿಸಿ-ಕೇರ್ ಪಟ್ಟಿ ಅಂತ ಒಂದಿತ್ತು, ಯುಜಿಸಿ ಒಪ್ಪಿದ ನಿಯತಕಾಲಿಕೆಗಳ ಪಟ್ಟಿ, ನಿಮ್ಮ ಪುಣೆ ವಿಶ್ವವಿದ್ಯಾಲಯದಲ್ಲೇ ಅದರ ಕೆಲಸ ನಡೆಯುತ್ತಿತ್ತು. 2025ರ ಫೆಬ್ರುವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸಿತು. ಈಗ ಯಾವ ಪತ್ರಿಕೆ ಒಳ್ಳೆಯದು ಅಂತ ತೀರ್ಮಾನ ಮಾಡುವ ಜವಾಬ್ದಾರಿ ವಿಶ್ವವಿದ್ಯಾಲಯಗಳ ತಲೆಗೆ ಬಂದಿದೆ. ಆದ್ದರಿಂದ 'ನಮ್ಮದು ಕೇರ್ ಲಿಸ್ಟಿನಲ್ಲಿದೆ, ಇಷ್ಟು ಸಾವಿರ ಕಳಿಸಿ' ಎಂದು ಯಾರಾದರೂ ವಾಟ್ಸಾಪ್ ಮಾಡಿದರೆ ಸುಮ್ನೆ ಡಿಲೀಟ್ ಮಾಡಿ. ಸಂಘದ ಪತ್ರಿಕೆಯಾದರೆ ಒಂದೇ ಕೇಳಿ: ಬರೆದದ್ದನ್ನು ಪ್ರಕಟಿಸುವ ಮೊದಲು ಯಾರಾದರೂ ಓದಿ ಟಿಪ್ಪಣಿ ಕಳಿಸುತ್ತಾರಾ? ಆರು ತಿಂಗಳು ತಡವಾದರೂ ಪರವಾಗಿಲ್ಲ, ಟಿಪ್ಪಣಿ ಬರಬೇಕು.

ಆಜೀವ ಸದಸ್ಯತ್ವ ಈಗಲೇ ಬೇಡ ಎಂದೆನಲ್ಲ, ಅದಕ್ಕೆ ನಿಮ್ಮ ದುಡ್ಡೊಂದೇ ಕಾರಣವಲ್ಲ. ಆಜೀವ ಶುಲ್ಕ ಸಂಘಕ್ಕೂ ಅಷ್ಟು ಒಳ್ಳೆಯದಲ್ಲ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ: 1,000 ಜನ ತಲಾ 1,000 ರೂಪಾಯಿ ಕೊಟ್ಟರೆ 10 ಲಕ್ಷ. ಅದನ್ನು ಬ್ಯಾಂಕಿನಲ್ಲಿಟ್ಟರೆ ನೂರಕ್ಕೆ 7ರಂತೆ ವರ್ಷಕ್ಕೆ 70,000. ಪತ್ರಿಕೆ ಅಚ್ಚು ಹಾಕಿಸಿ 1,000 ಜನಕ್ಕೆ ಅಂಚೆಯಲ್ಲಿ ಕಳಿಸಿದರೆ ತಲೆಗೆ 70 ರೂಪಾಯಿ ಬೀಳುತ್ತದೆ, ಅಷ್ಟರಲ್ಲಿ ಒಂದು ಸಂಚಿಕೆ ಆದರೆ ಹೆಚ್ಚು. ಅದಕ್ಕೇ ಸಂಘಗಳು ಅಧಿವೇಶನವನ್ನು ಯಾವುದಾದರೂ ಕಾಲೇಜಿನ ಹೆಗಲಿಗೆ ಹಾಕುತ್ತವೆ. ಕಾಲೇಜು ದುಡ್ಡು ಹಾಕಿದ ಮೇಲೆ ಸಂಸ್ಥೆಯ ಅಧ್ಯಕ್ಷರು, ಅವರ ಮಗ, ಊರಿನ ಶಾಸಕರು ಎಲ್ಲರೂ ವೇದಿಕೆ ಮೇಲೆ ಕೂರಲೇಬೇಕು. ಬೆಳಗಿನ ಮೂರು ಗಂಟೆ ಶಾಲು, ನಾರಿಯಲ್, ಸನ್ಮಾನದಲ್ಲಿ ಹೋಗುತ್ತದೆ, ನಿಮ್ಮ ಪ್ರಬಂಧಕ್ಕೆ ಎಂಟು ನಿಮಿಷ ಉಳಿಯುತ್ತದೆ. ಗಂಟೆ ಬಾರಿಸಿದವರ ಮೇಲೆ ಸಿಟ್ಟು ಮಾಡಿಕೊಂಡು ಉಪಯೋಗವಿಲ್ಲ, ಆ ಗಂಟೆಯ ಬೇರು ಸದಸ್ಯತ್ವದ ರಸೀದಿಯಲ್ಲಿದೆ. ವರ್ಷ ವರ್ಷ ಕಟ್ಟುವ ಅವಕಾಶ ಇದ್ದರೆ ಅದನ್ನೇ ಆರಿಸಿ. ಸಂಘ ಸರಿಯಿಲ್ಲ ಅನ್ನಿಸಿದ ವರ್ಷ ಕಟ್ಟದೇ ಇರಬಹುದು, ಅದೂ ಒಂದು ಮತವೇ.

ಹೋದಾಗ ಇನ್ನೊಂದು ಮಾಡಿ. ಎಲ್ಲರೂ ಬಸ್ಸಿನ ಟೈಮ್ ನೋಡಿಕೊಂಡು ಎದ್ದು ಹೋಗುವ ಹೊತ್ತಿಗೆ ಮಹಾಸಭೆ ಇರುತ್ತದೆ. ಅದಕ್ಕೆ ಕೂತುಕೊಳ್ಳಿ, ಸದಸ್ಯರಲ್ಲದಿದ್ದರೂ ಹಿಂದಿನ ಬೆಂಚಿನಲ್ಲಿ ಕೂತರೆ ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ಲೆಕ್ಕಪತ್ರ ಓದುತ್ತಾರಾ, ಯಾರಾದರೂ ಎದ್ದು ಪ್ರಶ್ನೆ ಕೇಳುತ್ತಾರಾ, ಕೇಳಿದವರಿಗೆ ಉತ್ತರ ಸಿಗುತ್ತದಾ, ಚುನಾವಣೆ ನಿಜವಾಗಿ ನಡೆಯುತ್ತದಾ ಅಥವಾ 'ಅವಿರೋಧ' ಅಂತ ಚಪ್ಪಾಳೆ ಹೊಡೆಸುತ್ತಾರಾ. ಮುಖ್ಯವಾಗಿ ನಿಮ್ಮ ಹಾಗೆ ತಾಸಿನ ಲೆಕ್ಕದವರು, ಅಂದರೆ ಸಿಎಚ್‌ಬಿಯವರು, ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರಾದರೂ ಇದ್ದಾರಾ ನೋಡಿ. ಈ ವಿಷಯದಲ್ಲಿ ನನಗೆ ನಮ್ಮವರ ಮೇಲೆ ಕೋಪವಿದೆ, ಮುಚ್ಚಿಡುವುದಿಲ್ಲ. ಕೂಲಿಕಾರರ ಅಭದ್ರತೆ ಬಗ್ಗೆ ಪ್ರಬಂಧ ಓದುತ್ತೇವೆ, ಅದೇ ಕೋಣೆಯಲ್ಲಿ ಕೂತ ಅರ್ಧ ಜನರಿಗೆ ರಜೆಯ ತಿಂಗಳು ಸಂಬಳವಿಲ್ಲ ಎಂಬುದು ಯಾವ ನಿರ್ಣಯದಲ್ಲೂ ಬರುವುದಿಲ್ಲ. ನೋಂದಣಿ ಶುಲ್ಕ ಕಾಯಂ ಪ್ರಾಧ್ಯಾಪಕರಿಗೂ ಸಿಎಚ್‌ಬಿಯವರಿಗೂ ಒಂದೇ ಇದ್ದರೆ ಆ ಸಂಘ ತನ್ನದೇ ವಿಷಯವನ್ನು ಓದಿಲ್ಲ ಅಂತ ಅರ್ಥ.

ಭಾಷೆಯ ಬಗ್ಗೆ ಹೆದರಬೇಡಿ. ನಮ್ಮ ವಿಷಯದ ಪದಗಳು ಹೆಚ್ಚು ಕಡಿಮೆ ಅವೇ. ಕೆಳಗಿನ ಜಾತಿಗಳು ಮೇಲಿನವರ ಆಚಾರ ಅನುಸರಿಸುವುದಕ್ಕೆ ನಾವನ್ನುವ ಸಂಸ್ಕೃತೀಕರಣ ಅಲ್ಲಿಯೂ ಸಂಸ್ಕೃತೀಕರಣವೇ. ಸಮಾಜದ ಮೇಲು ಕೆಳಗಿನ ಪದರಗಳಿಗೆ ನಾವು ಸ್ತರವಿನ್ಯಾಸ ಅನ್ನುವುದನ್ನು ಅವರು ಸ್ತರೀಕರಣ ಅನ್ನುತ್ತಾರೆ. ಹತ್ತು ಪದ ಬರೆದಿಟ್ಟುಕೊಂಡರೆ ಮುಗಿಯಿತು. ಮರಾಠಿಯಲ್ಲಿ ಮಾತಾಡಿ, ತಡವರಿಸಿದಲ್ಲಿ ಹಿಂದಿಯೋ ಇಂಗ್ಲಿಷೋ ಸೇರಿಸಿ, ಜನರ ಮಾತನ್ನು ಮಾತ್ರ ಕನ್ನಡದಲ್ಲೇ ಓದಿ ಆಮೇಲೆ ಅರ್ಥ ಹೇಳಿ. ಯಾದಗಿರಿಯ ಹೆಂಗಸು ಆಡಿದ ಮಾತು ಪುಣೆಯ ಸಭೆಯಲ್ಲಿ ಅವಳ ಮಾತಿನಲ್ಲೇ ಕೇಳಿಸಲಿ.

ಈಗ ಲೆಟರ್‌ಹೆಡ್ ಕಥೆ. ಮುಂಬೈನವರು ನಾಲ್ವರು, ಪುಣೆಯವರು ಇಬ್ಬರು, ಗೋವಾದ ಫೋಂಡಾದಿಂದ ಒಬ್ಬರು, ಒಟ್ಟು ಏಳು ಜನ ಸೇರಿದೆವು. ಏಳು ಯಾಕೆಂದರೆ 1860ರ ಸೊಸೈಟಿ ಕಾಯ್ದೆಗೆ ಕಡಿಮೆ ಅಂದರೆ ಏಳು ಜನ ಬೇಕು. ಮಹಾರಾಷ್ಟ್ರದಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಕೆಳಗೂ ಬರಬೇಕು, ಚಾರಿಟಿ ಕಮಿಷನರ್ ಕಚೇರಿಗೆ ಓಡಾಡಬೇಕು. ಪದಾಧಿಕಾರಿ ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್, ವರ್ಷಕ್ಕೊಮ್ಮೆ ಆಡಿಟ್. ನಮ್ಮ ಮೊದಲ ಮೂರು ಸಭೆ ಹೆಸರಿನಲ್ಲಿ 'ಕನ್ನಡ' ಮೊದಲು ಬರಬೇಕೋ 'ಸಮಾಜಶಾಸ್ತ್ರ' ಮೊದಲೋ ಎಂಬುದರಲ್ಲಿ ಹೋಯಿತು. ನಾಲ್ಕನೆಯದರಲ್ಲಿ ಉಪಾಧ್ಯಕ್ಷರು ಒಬ್ಬರೋ ಇಬ್ಬರೋ. ಐದನೆಯದರಲ್ಲಿ ಲೆಟರ್‌ಹೆಡ್ ಬಂತು, ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಒಬ್ಬರು ನಿವೃತ್ತರಾಗಿ ಊರಿಗೆ ಹೋದರು. ಖಜಾಂಚಿ ಮೈಸೂರಿಗೆ ಹೋಗುವಾಗ ರಬ್ಬರ್ ಸ್ಟ್ಯಾಂಪನ್ನೂ ತೆಗೆದುಕೊಂಡು ಹೋದರು. ಅಷ್ಟೂ ತಿಂಗಳಲ್ಲಿ ನಾವು ಒಂದೇ ಒಂದು ಪ್ರಬಂಧ ಓದಿರಲಿಲ್ಲ. ಉಳಿದ ಲೆಟರ್‌ಹೆಡ್ ಹಿಂದುಗಡೆ ನನ್ನ ಮೊಮ್ಮಗಳು ಚಿತ್ರ ಬರೆಯುತ್ತಾಳೆ.

ಹಾಗಂತ ಕನ್ನಡದವರು ಸೇರಲೇಬಾರದು ಅಂತಲ್ಲ. ವಾಸ್ಕೋದ ಬೈನಾದಲ್ಲಿ, ಝುವಾರಿನಗರದಲ್ಲಿ ಉತ್ತರ ಕರ್ನಾಟಕದ ಕೂಲಿ ಕುಟುಂಬಗಳು, ಅಂಜುಣಾ ಬೀಚಿನಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸರು, ಮುಂಬೈ ಹೋಟೆಲಿನ ಹುಡುಗರು, ನಿಮ್ಮ ಪುಣೆಯ ಕಟ್ಟಡದವರು, ಇವರೆಲ್ಲರ ಬಗ್ಗೆ ಬೇರೆ ಬೇರೆ ಕಡೆ ಯಾರೋ ಒಬ್ಬೊಬ್ಬರೇ ಕೂತು ಬರೆಯುತ್ತಿದ್ದಾರೆ, ಒಬ್ಬರದ್ದು ಒಬ್ಬರಿಗೆ ಗೊತ್ತಿಲ್ಲ. ಅವರನ್ನು ಹುಡುಕಿ. ತಿಂಗಳಿಗೊಮ್ಮೆ ಭಾನುವಾರ ಎರಡು ಗಂಟೆ, ಒಬ್ಬರು ಬರೆದ ಹತ್ತು ಪುಟ ಎಲ್ಲರೂ ಮೊದಲೇ ಓದಿಕೊಂಡು ಬರಬೇಕು, ಅಷ್ಟೇ ನಿಯಮ. ನೋಂದಣಿ ಬೇಡ, ಅಧ್ಯಕ್ಷರು ಬೇಡ. ಜಾಗಕ್ಕೆ ಯಾವುದಾದರೂ ಕನ್ನಡ ಸಂಘದವರನ್ನು ಕೇಳಿದರೆ ಮೇಲಿನ ಮಹಡಿಯ ಕೋಣೆ ಕೊಟ್ಟಾರು, ಗೋವಾದವರು ಫೋನಿನಲ್ಲಿ ಸೇರಲಿ. ಮೂರು ವರ್ಷ ಇದು ನಿಲ್ಲದೆ ನಡೆದರೆ ಆಗ ನನಗೆ ಬರೆಯಿರಿ, ಚಾರಿಟಿ ಕಮಿಷನರ್ ಕಚೇರಿಗೆ ನಾನೇ ಜೊತೆಗೆ ಬರುತ್ತೇನೆ.

ಅಧಿವೇಶನಕ್ಕೆ ಕಳಿಸುವ ಸಾರಾಂಶದ ಬಗ್ಗೆ ಒಂದು ಮಾತು ಬಾಕಿ ಇದೆ. ಇಡೀ ಪಿಎಚ್.ಡಿ.ಯನ್ನು ಅದರೊಳಗೆ ತುಂಬಬೇಡಿ, ಜಾಗತೀಕರಣದಿಂದ ಶುರು ಮಾಡಲೂ ಬೇಡಿ. ಒಂದೇ ಮನೆ ತೆಗೆದುಕೊಳ್ಳಿ, ಆ ಮನೆಗೆ ಉಚಲ್ ಯಾರು ಕೊಟ್ಟರು, ಯಾರ ಹೆಸರಿಗೆ ಬರೆದುಕೊಂಡರು, ಯಾರು ತೀರಿಸುತ್ತಿದ್ದಾರೆ, ಅವರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು, ಇಷ್ಟು ಬರೆಯಿರಿ. ಒಂದು ಪುಟ ಸಾಕು. ಊಟವಾದ ಮೇಲಿನ ಹೊತ್ತು ಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ, ಮುಗಿದ ತಕ್ಷಣ ಚಹದ ಹತ್ತಿರ ನಿಲ್ಲಿ.